ಎದುರುವೇಷ ಕಟ್ಟಿ ನೋಡಿದಾಗ

ಕುಸ್ತಿಯ ಕಣದಲ್ಲಿ ಒಂದು ನ್ಯಾಯವಿದೆ. ಎದುರಾಳಿ ಎಷ್ಟೇ ದೊಡ್ಡ ಪೈಲವಾನನಿರಲಿ, ಅವನೂ ನಿಮ್ಮಂತೆಯೇ ಕೆಂಪು ಮಣ್ಣು ಮೈಗೆ ಹಚ್ಚಿಕೊಂಡು ಇಳಿಯಬೇಕು. ಅವನಿಗೂ ಉಸಿರು ಏರುತ್ತದೆ, ಅವನ ಕಾಲೂ ಜಾರುತ್ತದೆ. ನೀವು ಹಾಕುವ ಪಟ್ಟನ್ನು ಅವನು ನೋಡಿಯೇ ತಿಳಿಯಬೇಕು. ನಮ್ಮ ಬದಾಮಿ, ಬಾಗಲಕೋಟೆ ಕಡೆಯ ಗರಡಿಮನೆಗಳಲ್ಲಿ ಬೆಳೆದ ಯಾರಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ವಿಡಿಯೋ ಗೇಮಿನ ಕಣದಲ್ಲಿ ಈ ನ್ಯಾಯ ನಡೆಯುವುದಿಲ್ಲ. ಅಲ್ಲಿ ನಿಮಗೆ ಆರಿಸಿಕೊಳ್ಳಲು ಏಳೆಂಟು ಮಂದಿ ವೀರರನ್ನು ಕೊಡುತ್ತಾರೆ. ಅವರಲ್ಲಿ ಒಬ್ಬನಾಗಿ ನೀವು ಒಬ್ಬೊಬ್ಬರನ್ನೇ ಸೋಲಿಸುತ್ತ ಹೋದರೆ, ಕಡೆಗೆ ಒಬ್ಬ ರಾಕ್ಷಸ ಎದುರಾಗುತ್ತಾನೆ. ಆರಿಸಿಕೊಳ್ಳುವ ಪಟ್ಟಿಯಲ್ಲಿ ಅವನ ಹೆಸರೇ ಇರುವುದಿಲ್ಲ. ಅವನನ್ನು ಆಡಿಸುವುದು ಕಂಪ್ಯೂಟರು. ಅವನನ್ನು ಹೊಡೆಯಬಹುದೇ ಹೊರತು ಅವನಾಗಲು ಬರುವುದಿಲ್ಲ. ಹುಡುಗರ ಬಾಯಲ್ಲಿ ಅವನ ಹೆಸರು ‘ಬಾಸ್’.

ನಮ್ಮ ಶಾಲೆಯ ಒಂಬತ್ತನೆಯ ತರಗತಿಯ ಹುಡುಗನೊಬ್ಬ ಒಮ್ಮೆ ಕೇಳಿದ: “ಸರ್, ಆ ಕಡೀ ಪೈಲವಾನ್ ನಾವ್ ಆಗಾಕ ಬರೂದಿಲ್ಲೇನ್ರಿ?” ಬೆಳಕಿನ ವಕ್ರೀಭವನದ ಪಾಠದ ನಡುವೆ ಬಂದ ಪ್ರಶ್ನೆ. ಉಳಿದವರು ನಕ್ಕರು. ಆದರೆ ಪ್ರಶ್ನೆ ನಗುವಂಥದ್ದಲ್ಲ. ಜಗತ್ತಿನಾದ್ಯಂತ ಲಕ್ಷಾಂತರ ಹುಡುಗರು ಮೂವತ್ತು ವರ್ಷಕ್ಕೂ ಮಿಕ್ಕಿ ಇದೇ ಪ್ರಶ್ನೆ ಕೇಳುತ್ತ ಬಂದಿದ್ದಾರೆ. ಅದಕ್ಕೆ ಅವರು ಕಂಡುಕೊಂಡ ಉತ್ತರದಲ್ಲಿ ವಿಜ್ಞಾನವೂ ಇದೆ, ಬದುಕಿಗೆ ಬೇಕಾದ ಒಂದು ಮಾತೂ ಇದೆ.

ಪಟ್ಟಿಯಲ್ಲಿಲ್ಲದ ನಾಲ್ವರು

1991ರಲ್ಲಿ ಜಪಾನಿನ ಕ್ಯಾಪ್‌ಕಾಮ್ ಕಂಪನಿ ‘ಸ್ಟ್ರೀಟ್ ಫೈಟರ್ 2’ ಎಂಬ ಆಟವನ್ನು ಬಿಡುಗಡೆ ಮಾಡಿತು. ಎದುರುಬದುರು ನಿಂತು ಹೊಡೆದಾಡುವ ಆಟಗಳು ಲೋಕಪ್ರಿಯವಾದದ್ದು ಇದರಿಂದ. ನಾನು ಧಾರವಾಡದಲ್ಲಿ ಓದುತ್ತಿದ್ದ ದಿನಗಳವು. ಹುಬ್ಬಳ್ಳಿಗೆ ಹೋದಾಗ ವಿಡಿಯೋ ಗೇಮ್ ಪಾರ್ಲರಿನ ಮುಂದೆ ಹುಡುಗರು ಸಾಲುಗಟ್ಟಿ ನಿಂತಿರುತ್ತಿದ್ದರು. ಒಬ್ಬ ಆಡಿದರೆ ಹತ್ತು ಮಂದಿ ಹಿಂದೆ ನಿಂತು ಸಲಹೆ ಕೊಡುವವರು.

ಆ ಆಟದಲ್ಲಿ ಆಡುವವನು ಆರಿಸಿಕೊಳ್ಳಬಹುದಾದ ಪಾತ್ರಗಳು ಎಂಟು. ರ್ಯು, ಕೆನ್, ಗೈಲ್, ಚುನ್ ಲಿ ಮುಂತಾದವರ ನಡುವೆ ಧಾಲ್ಸಿಮ್ ಎಂಬ ಒಬ್ಬ ಭಾರತೀಯ ಯೋಗಿಯೂ ಇದ್ದ. ಕೈಕಾಲುಗಳನ್ನು ರಬ್ಬರಿನಂತೆ ಉದ್ದ ಮಾಡಿ ಹೊಡೆಯುವವನು, ಬಾಯಿಂದ ಬೆಂಕಿ ಉಗುಳುವವನು. ನಮ್ಮ ಯೋಗಿಗಳ ಬಗ್ಗೆ ಹೊರಗಿನವರ ಕಲ್ಪನೆ ಹೇಗಿದೆಯೆಂದು ನೋಡಿ ನಾವು ನಕ್ಕದ್ದುಂಟು.

ಈ ಎಂಟು ಮಂದಿಯ ಆಚೆಗೆ ನಾಲ್ವರು ಇದ್ದರು: ಮುಷ್ಟಿಯುದ್ಧದ ಬಾಲ್‌ರಾಗ್, ಕೈಗೆ ಉಕ್ಕಿನ ಉಗುರು ಕಟ್ಟಿಕೊಂಡ ವೇಗಾ, ಥಾಯ್ಲೆಂಡಿನ ಸಗಾಟ್, ಎಲ್ಲರಿಗೂ ಕಡೆಯವನಾಗಿ ಎಂ. ಬೈಸನ್. ಇವರು ಕಂಪ್ಯೂಟರಿನ ಸೊತ್ತು. (ಜಪಾನಿನಲ್ಲಿ ಇವರಲ್ಲಿ ಮೂವರ ಹೆಸರುಗಳೇ ಬೇರೆ. ಮುಷ್ಟಿಯುದ್ಧದವನಿಗೆ ಅಲ್ಲಿ ಎಂ. ಬೈಸನ್ ಎಂದೇ ಹೆಸರಿತ್ತು. ಅಮೆರಿಕದ ಪ್ರಸಿದ್ಧ ಬಾಕ್ಸರ್ ಮೈಕ್ ಟೈಸನ್‌ನನ್ನು ತೀರ ಹೋಲುತ್ತಿದ್ದರಿಂದ ಮೊಕದ್ದಮೆಯ ಭಯಕ್ಕೆ ಹೆಸರುಗಳನ್ನು ಅದಲುಬದಲು ಮಾಡಿದರು.)

ಜನರ ಆಸೆ ಎಷ್ಟಿತ್ತೆಂದರೆ ಕಂಪನಿ ಮರುವರ್ಷವೇ, 1992ರಲ್ಲಿ, ‘ಚಾಂಪಿಯನ್ ಎಡಿಷನ್’ ಎಂಬ ತಿದ್ದಿದ ಆವೃತ್ತಿ ತಂದು ನಾಲ್ವರನ್ನೂ ಆಡುವವರ ಕೈಗೆ ಕೊಟ್ಟಿತು. ಅದೇ ವರ್ಷ ಏಪ್ರಿಲ್‌ನಲ್ಲಿ ಅಮೆರಿಕದ ಒಂದು ಗೇಮ್ ಪತ್ರಿಕೆ ‘ಶೆಂಗ್ ಲಾಂಗ್’ ಎಂಬ ಗುಪ್ತ ಗುರುವೊಬ್ಬ ಈ ಆಟದಲ್ಲಿ ಅಡಗಿದ್ದಾನೆಂದು ಬರೆಯಿತು. ಅದು ಏಪ್ರಿಲ್ ಫೂಲ್. ಆದರೆ ಹುಡುಗರು ನಂಬಿ, ಅವನನ್ನು ಹುಡುಕಿ ಹುಡುಕಿ ನಾಣ್ಯ ಕಳೆದುಕೊಂಡರು. ಸುಳ್ಳಿಗೆ ಸಿಕ್ಕ ಈ ಉತ್ಸಾಹವನ್ನು ನೋಡಿದ ಕಂಪನಿ, 1994ರ ‘ಸೂಪರ್ ಸ್ಟ್ರೀಟ್ ಫೈಟರ್ 2 ಟರ್ಬೋ’ದಲ್ಲಿ ಅಕುಮಾ ಎಂಬ ಗುಪ್ತ ಪಾತ್ರವನ್ನು ನಿಜವಾಗಿಯೂ ಇಟ್ಟಿತು. ಆಯ್ಕೆಯ ಪರದೆಯಲ್ಲಿ ರ್ಯು, ಟಿ. ಹಾಕ್, ಗೈಲ್, ಕ್ಯಾಮಿ, ಮತ್ತೆ ರ್ಯು ಎಂದು ಒಬ್ಬೊಬ್ಬರ ಮೇಲೂ ಸ್ವಲ್ಪ ಹೊತ್ತು ನಿಂತು, ಆಮೇಲೆ ನಿರ್ದಿಷ್ಟ ಗುಂಡಿಗಳನ್ನು ಒಟ್ಟಿಗೆ ಒತ್ತಿದರೆ ಅವನು ಸಿಗುತ್ತಿದ್ದ. ಮಂತ್ರ ಹೇಳಿ ಗುಹೆಯ ಬಾಗಿಲು ತೆರೆದಂತೆ!

‘ಮಾರ್ಟಲ್ ಕಾಂಬ್ಯಾಟ್’ ಎಂಬ ಅಮೆರಿಕದ ಆಟದಲ್ಲೂ ಇದೇ ಕಥೆ. 1992ರ ಮೊದಲ ಆಟದಲ್ಲಿ ನಾಲ್ಕು ಕೈಗಳ ಗೋರೋ ಎಂಬವನಿದ್ದ. ಉಳಿದ ಪಾತ್ರಗಳು ನಿಜವಾದ ನಟರ ಚಿತ್ರೀಕರಣದಿಂದ ಮೂಡಿದ್ದರೆ, ಗೋರೋ ಒಂದು ಗೊಂಬೆ. ಅದನ್ನು ಇಷ್ಟಿಷ್ಟೇ ಸರಿಸುತ್ತ ಒಂದೊಂದೇ ಚಿತ್ರ ತೆಗೆದು ಚಲನೆ ಬರಿಸಿದ್ದರು. 1996ರ ‘ಮಾರ್ಟಲ್ ಕಾಂಬ್ಯಾಟ್ ಟ್ರಿಲಜಿ’ಯಲ್ಲಿ ಅವನನ್ನೂ ಆಡುವ ಅವಕಾಶ ಜನರಿಗೆ ಸಿಕ್ಕಿತು.

ಹಾಜರಿ ಪುಸ್ತಕದಲ್ಲಿ ಹೆಸರು ಸೇರಿಸುವುದು

ಕಂಪನಿ ತಾನಾಗಿ ಕೊಡುವವರೆಗೆ ಕಾಯದ ಹುಡುಗರೂ ಇದ್ದರು. ಅವರು ಮಾಡಿದ್ದನ್ನು ತಿಳಿಯಲು ಕಂಪ್ಯೂಟರಿನೊಳಗೆ ಒಂದು ಪಾತ್ರ ಹೇಗೆ ಇರುತ್ತದೆಂದು ನೋಡಬೇಕು.

ಕಂಪ್ಯೂಟರಿಗೆ ರ್ಯು ಗೊತ್ತಿಲ್ಲ, ಬೈಸನ್ನೂ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಸಂಖ್ಯೆ. ಉದಾಹರಣೆಗೆ ಹನ್ನೆರಡು ಪಾತ್ರಗಳಿಗೆ 0ಯಿಂದ 11ರವರೆಗೆ ಕ್ರಮಾಂಕ ಕೊಟ್ಟಿದ್ದಾರೆ ಎಂದಿಟ್ಟುಕೊಳ್ಳಿ. ನೀವು ಒಬ್ಬನನ್ನು ಆರಿಸಿದ ಕೂಡಲೇ ಆ ಕ್ರಮಾಂಕವು ಸ್ಮೃತಿಕೋಶದ, ಅಂದರೆ ಮೆಮೊರಿಯ, ಒಂದು ಗೊತ್ತಾದ ಜಾಗದಲ್ಲಿ ಬರೆಯಲ್ಪಡುತ್ತದೆ. ಆಮೇಲೆ ಯಂತ್ರವು ಆ ಸಂಖ್ಯೆಯನ್ನು ಓದಿಕೊಂಡು, ಅದಕ್ಕೆ ಸೇರಿದ ಚಿತ್ರ, ಬಣ್ಣ, ಏಟಿನ ಬಲ, ಓಡುವ ವೇಗ ಎಲ್ಲವನ್ನೂ ಉಗ್ರಾಣದಿಂದ ಎತ್ತಿ ತರುತ್ತದೆ.

ಎದುರಾಳಿಯ ಚಿತ್ರವೂ ಏಟೂ ಅದೇ ಉಗ್ರಾಣದಲ್ಲಿ ಇರಲೇಬೇಕು. ಇಲ್ಲವಾದರೆ ಅವನು ಪರದೆಯ ಮೇಲೆ ಬರುವುದಾದರೂ ಹೇಗೆ? ಅಂದಮೇಲೆ ಬೈಸನ್ ಎಲ್ಲೋ ದೂರದ ಕೋಟೆಯಲ್ಲಿಲ್ಲ, ರ್ಯುವಿನ ಮಗ್ಗುಲಲ್ಲೇ ಇದ್ದಾನೆ. ಆಯ್ಕೆಯ ಪರದೆ ಅವನ ಹೆಸರು ಕೂಗುವುದಿಲ್ಲ, ಅಷ್ಟೆ. ಶಾಲೆಗೆ ದಿನಾಲೂ ಬಂದು ಕಡೆಯ ಬೆಂಚಿನಲ್ಲಿ ಕೂರುವ ಹುಡುಗ, ಆದರೆ ಹಾಜರಿ ಪುಸ್ತಕದಲ್ಲಿ ಹೆಸರಿಲ್ಲ. ಮೆಮೊರಿಯ ಆ ಒಂದು ಜಾಗ ಹುಡುಕಿ, ಅಲ್ಲಿರುವ ಅಂಕಿಯನ್ನು ಬದಲಿಸಿಬಿಟ್ಟರೆ ಅವನು ‘ಎಸ್ ಸರ್’ ಎಂದು ಎದ್ದು ನಿಲ್ಲುತ್ತಾನೆ.

1990ರ ದಶಕದ ಆರಂಭದಲ್ಲಿ ‘ಗೇಮ್ ಜೀನಿ’ ಎಂಬ ಸಣ್ಣ ಸಾಧನ ಬಂತು. ಮನೆಯ ಟಿವಿಗೆ ಹಚ್ಚುವ ಗೇಮ್ ಯಂತ್ರ ಮತ್ತು ಕ್ಯಾಸೆಟ್ಟಿನ ನಡುವೆ ಅದನ್ನು ಸಿಕ್ಕಿಸಿದರೆ, ಕ್ಯಾಸೆಟ್ಟಿನಿಂದ ಓದುವ ಸಂಖ್ಯೆಗಳನ್ನು ದಾರಿಯಲ್ಲೇ ಬದಲಿಸುತ್ತಿತ್ತು. 1997ರಲ್ಲಿ ‘ಮೇಮ್’ ಎಂಬ ತಂತ್ರಾಂಶ ಬಂದ ಮೇಲೆ ಪಾರ್ಲರಿನ ಹಳೆಯ ಯಂತ್ರಗಳನ್ನು ಮನೆಯ ಕಂಪ್ಯೂಟರಿನೊಳಗೆ ಅನುಕರಿಸುವುದು ಸಾಧ್ಯವಾಯಿತು. ಮೆಮೊರಿಯ ಯಾವ ಮೂಲೆಯಲ್ಲಿ ಯಾವ ಅಂಕಿ ಇದೆ ಎಂದು ಕೂತು ಹುಡುಕುವುದೂ ಸುಲಭವಾಯಿತು. ಹುಡುಕುವ ವಿಧಾನ ಶುದ್ಧ ಪ್ರಯೋಗಶಾಲೆಯದು. ಒಮ್ಮೆ ರ್ಯುವನ್ನು ಆರಿಸಿ ಎಲ್ಲ ಅಂಕಿಗಳನ್ನು ಗುರುತು ಹಾಕಿಕೊಳ್ಳಿ. ಇನ್ನೊಮ್ಮೆ ಕೆನ್‌ನನ್ನು ಆರಿಸಿ. ಯಾವ ಅಂಕಿಗಳು ಬದಲಾದವು? ಬದಲಾಗದವನ್ನು ಬಿಟ್ಟುಬಿಡಿ. ಮೂರನೆಯವನನ್ನು ಆರಿಸಿ. ಹೀಗೆ ಸೋಸುತ್ತ ಹೋದರೆ ಸಾವಿರಾರು ಜಾಗಗಳಲ್ಲಿ ಕಡೆಗೆ ಒಂದೆರಡು ಉಳಿಯುತ್ತವೆ. ಒಂದನ್ನು ಬದಲಿಸಿ ಉಳಿದವನ್ನು ಸ್ಥಿರವಾಗಿಡಬೇಕು ಎಂದು ನಾವು ಹೈಸ್ಕೂಲಿನಲ್ಲಿ ಹೇಳಿಕೊಡುವುದೂ ಇದನ್ನೇ.

ಹಾಗೆ ಎಬ್ಬಿಸಿದ ರಾಕ್ಷಸ ಸುಖವಾಗಿ ಆಡುತ್ತಾನೆಂದೇನಿಲ್ಲ. ಕೆಲವೊಮ್ಮೆ ಅವನ ಮುಖದ ಚಿತ್ರವಿರಬೇಕಾದಲ್ಲಿ ಬಣ್ಣದ ಚೂರುಗಳು ಮೂಡುತ್ತವೆ. ಕೆಲವೊಮ್ಮೆ ಗುಂಡಿ ಒತ್ತಿದರೆ ಏನೂ ಆಗುವುದಿಲ್ಲ, ಏಕೆಂದರೆ ಆ ಗುಂಡಿಗೆ ಅವನ ಪಾಲಿನ ಕೆಲಸವನ್ನು ಯಾರೂ ಗೊತ್ತುಮಾಡಿಲ್ಲ. ಕೆಲವೊಮ್ಮೆ ಅವನು ಗೆದ್ದ ಕೂಡಲೇ ಆಟ ನಿಂತುಬಿಡುತ್ತದೆ. ಮನುಷ್ಯನೊಬ್ಬ ತನ್ನೊಳಗೆ ಹೊಕ್ಕಾನೆಂದು ಆ ಪಾತ್ರವನ್ನು ಕಟ್ಟಿದವರು ಎಣಿಸಿಯೇ ಇರಲಿಲ್ಲ.

ರಾಕ್ಷಸನ ಬಲ ಎಲ್ಲಿತ್ತು?

ಈಗ ಮುಖ್ಯ ವಿಷಯಕ್ಕೆ ಬರೋಣ. ಹುಡುಗರು ಕಷ್ಟಪಟ್ಟು ಬೈಸನ್‌ನನ್ನು ಕೈವಶ ಮಾಡಿಕೊಂಡರು. ಇನ್ನು ತಮ್ಮನ್ನು ಹಿಡಿಯುವವರಿಲ್ಲ ಎಂದುಕೊಂಡು ಆಡಿದರು. ಸೋತರು!

ಕಾರಣ ಕುತೂಹಲಕರವಾಗಿದೆ. ಬೈಸನ್‌ಗೆ ಒಂದು ಭಯಂಕರ ಏಟಿದೆ. ಮೈಗೆ ಬೆಂಕಿ ಹತ್ತಿದಂತೆ ತಿರುಗುತ್ತ ಹಾರಿ ಬಂದು ಅಪ್ಪಳಿಸುವುದು. ಮನುಷ್ಯ ಅದನ್ನು ಮಾಡಬೇಕಾದರೆ ಹಿಡಿಕೆಯನ್ನು ಸುಮಾರು ಒಂದು ಸೆಕೆಂಡಿನ ಮಟ್ಟಿಗೆ ಹಿಂದಕ್ಕೆ ಒತ್ತಿ ಹಿಡಿದು, ಆಮೇಲೆ ಮುಂದಕ್ಕೆ ತಳ್ಳಿ ಗುಂಡಿ ಒತ್ತಬೇಕು. ಬಿಲ್ಲಿನ ಹೆದೆ ಎಳೆದು ಬಿಟ್ಟ ಹಾಗೆ. ಎಳೆಯುವಷ್ಟು ಹೊತ್ತು ಎದುರಾಳಿಗೆ ಅವಕಾಶ. ಆದರೆ ಅದೇ ಬೈಸನ್‌ನನ್ನು ಕಂಪ್ಯೂಟರು ಆಡಿಸುವಾಗ ಹೆದೆ ಎಳೆಯುವ ಗೊಡವೆಯೇ ಇಲ್ಲ. ಮುಂದಕ್ಕೆ ನಡೆಯುತ್ತಿದ್ದವನು ನಡೆಯುತ್ತಲೇ ಬಾಣ ಬಿಡುತ್ತಾನೆ. ಗೈಲ್ ಎಂಬ ಸೈನಿಕನಿಗೂ ಹೀಗೆಯೇ: ನೀವು ಆಡಿದರೆ ಕಾಯಬೇಕು, ಕಂಪ್ಯೂಟರು ಆಡಿದರೆ ಕಾಯಬೇಕಾಗಿಲ್ಲ.

ಎರಡನೆಯದು ಇನ್ನೂ ಸೂಕ್ಷ್ಮ. ಪರದೆಯ ಚಿತ್ರ ಸೆಕೆಂಡಿಗೆ ಸುಮಾರು 60 ಸಲ ಬದಲಾಗುತ್ತದೆ. ಅಂದರೆ ಒಂದು ಚಿತ್ರಕ್ಕೆ ಸುಮಾರು 17 ಮಿಲಿಸೆಕೆಂಡು. ನೀವು ಗುಂಡಿ ಒತ್ತಿದ ಸುದ್ದಿ ಮೊದಲು ಹೋಗುವುದೇ ಕಂಪ್ಯೂಟರಿಗೆ. ನಿಮ್ಮ ಪಾತ್ರ ಕೈ ಎತ್ತುವ ಮುನ್ನವೇ ಅದಕ್ಕೆ ಗೊತ್ತು. ಮನುಷ್ಯನಾದರೋ ಕಣ್ಣಿನಿಂದ ನೋಡಿ, ಮಿದುಳಿಗೆ ಸುದ್ದಿ ಮುಟ್ಟಿ, ಕೈಗೆ ಆಜ್ಞೆ ಬರಬೇಕು. ಅದಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆಂದು ನೀವು ಮನೆಯಲ್ಲೇ ಅಳೆಯಬಹುದು.

ಒಂದು 30 ಸೆಂಟಿಮೀಟರಿನ ಅಳತೆಪಟ್ಟಿ ತೆಗೆದುಕೊಳ್ಳಿ. ಇನ್ನೊಬ್ಬರು ಅದರ ಮೇಲ್ತುದಿ ಹಿಡಿದು ನೇರವಾಗಿ ಇಳಿಬಿಡಲಿ. ನೀವು ಕೆಳಗೆ, ಸೊನ್ನೆಯ ಗುರುತಿನ ಹತ್ತಿರ, ಹೆಬ್ಬೆರಳು ಮತ್ತು ತೋರುಬೆರಳುಗಳನ್ನು ಮುಟ್ಟಿಸದೆ ಅಗಲಿಸಿ ಇಟ್ಟುಕೊಳ್ಳಿ. ಅವರು ಹೇಳದೆ ಕೇಳದೆ ಪಟ್ಟಿ ಬಿಡಬೇಕು, ನೀವು ಹಿಡಿಯಬೇಕು. ಎಲ್ಲಿ ಹಿಡಿದಿರಿ ಎಂದು ನೋಡಿ. ಬೀಳುವ ವಸ್ತುವಿನ ನಿಯಮದಿಂದ ಕಾಲ ತಿಳಿಯುತ್ತದೆ: ಬಿದ್ದ ದೂರವನ್ನು ಎರಡರಿಂದ ಗುಣಿಸಿ, 9.8ರಿಂದ ಭಾಗಿಸಿ, ವರ್ಗಮೂಲ ತೆಗೆಯಿರಿ, ದೂರ ಮೀಟರಿನಲ್ಲಿರಲಿ. 20 ಸೆಂಟಿಮೀಟರಿಗೆ ಹಿಡಿದರೆ 0.2 ಸೆಕೆಂಡು. 15ಕ್ಕೆ ಹಿಡಿದರೆ ಸುಮಾರು 0.17 ಸೆಕೆಂಡು, ಅವರು ಚುರುಕಿನವರು. 0.2 ಸೆಕೆಂಡು ಎಂದರೆ ಪರದೆಯ ಮೇಲೆ ಹನ್ನೆರಡು ಚಿತ್ರಗಳು ಕಳೆದುಹೋಗಿರುತ್ತವೆ. ಕಂಪ್ಯೂಟರಿಗೆ ಒಂದೋ ಎರಡೋ ಚಿತ್ರ ಸಾಕು.

ಹೀಗಾಗಿ ರಾಕ್ಷಸನ ಚರ್ಮದೊಳಗೆ ಹೊಕ್ಕ ಹುಡುಗನಿಗೆ ರಾಕ್ಷಸನ ಬಲ ಸಿಗಲಿಲ್ಲ. ತೋಳು ಅದೇ, ಏಟು ಅದೇ. ಇಲ್ಲದಿದ್ದದ್ದು ರಿಯಾಯಿತಿ. ಕಾಯಬೇಕಾಗಿಲ್ಲ ಎಂಬ ರಿಯಾಯಿತಿ, ಮುಂಚಿತವಾಗಿ ತಿಳಿಯುತ್ತದೆ ಎಂಬ ರಿಯಾಯಿತಿ. ಹೊರಗಿನಿಂದ ನೋಡಿದಾಗ ಬಲದಂತೆ ಕಂಡದ್ದರಲ್ಲಿ ಎಷ್ಟು ಪಾಲು ರಿಯಾಯಿತಿಯದು ಎಂಬುದು ಒಳಗೆ ಹೊಕ್ಕು ಆಡಿದಾಗಲೇ ಗೊತ್ತಾಗುವಂಥದ್ದು.

ಇನ್ನೊಂದನ್ನೂ ಹುಡುಗರು ಕಂಡುಕೊಂಡರು. ಆ ಕಾಲದ ಆಟಗಳಲ್ಲಿ ಕಂಪ್ಯೂಟರು ಆಡಿಸುವ ರಾಕ್ಷಸ ಕಲಿಯುವವನಲ್ಲ. ಒಂದೇ ಉಪಾಯಕ್ಕೆ ಹತ್ತು ಸಲ ಬೀಳುತ್ತಾನೆ. ಇಂತಿಷ್ಟು ದೂರ ನಿಂತು ಹಾರಿದರೆ ಇಂಥದ್ದೇ ಮಾಡುತ್ತಾನೆ ಎಂದು ಲೆಕ್ಕ ಹಾಕಿ ಹುಡುಗರು ಅವನನ್ನು ಕೆಡವುತ್ತಿದ್ದರು. ಮನುಷ್ಯ ಆಡಿಸುವ ರಾಕ್ಷಸ ಮೊದಲು ಸೋತರೂ ಮೂರನೆಯ ಸಲಕ್ಕೆ ಆ ಉಪಾಯಕ್ಕೆ ಬೀಳುವುದಿಲ್ಲ. ರಿಯಾಯಿತಿ ಇದ್ದವನಿಗೆ ಕಲಿಯುವ ಗರಜು ಇರಲಿಲ್ಲ. ಇಲ್ಲದವನಿಗೆ ಬೇರೆ ದಾರಿಯೇ ಇರಲಿಲ್ಲ.

ಮುಧೋಳದ ಕವಿ, ಪಟ್ಟದಕಲ್ಲಿನ ಕಂಬ

‘ಮಕ್ಕಳು ರಾಮನಾಗಬೇಕೆಂದು ಬಯಸುವುದು ಬಿಟ್ಟು ರಾವಣನಾಗಬೇಕೆಂದರೆ ಹೇಗೆ ಸರ್?’ ಎಂದು ಒಬ್ಬ ಪಾಲಕರು ನನ್ನನ್ನು ಕೇಳಿದ್ದುಂಟು. ಅವರ ಆತಂಕವನ್ನು ತಳ್ಳಿಹಾಕುವಂತಿಲ್ಲ. ಆದರೆ ನಮ್ಮ ನಾಡಿನ ಪದ್ಧತಿ ಏನು ಹೇಳುತ್ತದೆ ನೋಡಿ.

ಕರಾವಳಿಯ ಯಕ್ಷಗಾನದಲ್ಲಿ ‘ಎದುರುವೇಷ’ ಎಂಬ ಮಾತಿದೆ. ನಾಯಕನಿಗೆ ಎದುರಾಗಿ ಬರುವ ಪಾತ್ರ ಅದು. ಅದನ್ನು ಕಟ್ಟುವುದು ಕಡಿಮೆಯ ಕೆಲಸವೆಂದು ಅಲ್ಲಿ ಯಾರೂ ತಿಳಿಯುವುದಿಲ್ಲ. ಅನುಭವಸ್ಥರಿಗೆ, ಮಾತು ಬಲ್ಲವರಿಗೆ ಕೊಡುವ ವೇಷ ಅದು. ನಮ್ಮ ಕಡೆಯ ದೊಡ್ಡಾಟದಲ್ಲೂ ರಾಕ್ಷಸ ಪಾತ್ರ ರಂಗಕ್ಕೆ ಬರುವಾಗಿನ ಆರ್ಭಟಕ್ಕೆ ನಿದ್ದೆಗಣ್ಣಿನ ಮಕ್ಕಳೆಲ್ಲ ಎದ್ದು ಕೂರುತ್ತಾರೆ. ಆ ವೇಷ ಕಟ್ಟಿದವನು ಬೆಳಿಗ್ಗೆ ಮುಖ ತೊಳೆದುಕೊಂಡು ಹೊಲಕ್ಕೆ ಹೋಗುತ್ತಾನೆ. ರಾತ್ರಿಯೆಲ್ಲ ದುರ್ಯೋಧನನಾಗಿದ್ದನೆಂದು ಯಾರೂ ಅವನಿಗೆ ಹೆದರುವುದಿಲ್ಲ.

ಈ ಪದ್ಧತಿಗೆ ಹಳೆಯ ಸಾಕ್ಷಿ ನಮ್ಮ ಜಿಲ್ಲೆಯಲ್ಲೇ ಇದೆ. ಕವಿ ರನ್ನ ಹುಟ್ಟಿದ್ದು ಮುಧೋಳದಲ್ಲಿ, ಬಳೆಗಾರರ ಮನೆಯಲ್ಲಿ. ಹತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಅವನು ಬರೆದ ‘ಗದಾಯುದ್ಧ’ ಒಂದು ದ್ವಂದ್ವಯುದ್ಧದ ಕಾವ್ಯ. ತನಗೆ ಆಶ್ರಯ ಕೊಟ್ಟ ಚಾಲುಕ್ಯ ದೊರೆ ಸತ್ಯಾಶ್ರಯನನ್ನು ಭೀಮನಿಗೆ ಹೋಲಿಸಿ ಬರೆದದ್ದು. ಹಾಗಾಗಿ ಭೀಮ ಗೆಲ್ಲಲೇಬೇಕು, ಗೆಲ್ಲುತ್ತಾನೆ. ಆದರೆ ಕಾವ್ಯದಲ್ಲಿ ಓದುಗ ನಡೆಯುವುದು ಬಹುಪಾಲು ಎದುರಾಳಿಯಾದ ದುರ್ಯೋಧನನ ಜೊತೆಗೆ. ಸಂಜಯನ ಜೊತೆ ಹೆಣಗಳ ನಡುವೆ ಕಾಲಿಡಲು ಜಾಗ ಹುಡುಕುತ್ತ, ದ್ರೋಣನನ್ನು, ಮಗ ಲಕ್ಷಣಕುಮಾರನನ್ನು, ತಮ್ಮ ದುಶ್ಶಾಸನನನ್ನು, ಗೆಳೆಯ ಕರ್ಣನನ್ನು ಕಂಡು ಅಳುವ ದುರ್ಯೋಧನ. ಶತ್ರುವಿನ ಮಗ ಅಭಿಮನ್ಯುವಿನ ಹೆಣದ ಮುಂದೆ ನಿಂತು ಅವನ ಸಾಹಸಕ್ಕೆ ಕೈಮುಗಿಯುವ ದುರ್ಯೋಧನ. ಅವನ ಮಗ್ಗುಲಲ್ಲಿ ನಿಂತು ನೋಡಿದವನಿಗೆ ಮಾತ್ರ ಕಡೆಯ ಏಟು ಬೇರೆಯಾಗಿ ಕಾಣುತ್ತದೆ. ಗದಾಯುದ್ಧದಲ್ಲಿ ಹೊಕ್ಕುಳಿಂದ ಕೆಳಗೆ ಹೊಡೆಯಬಾರದು ಎಂಬುದು ನಿಯಮ; ಭೀಮ ಹೊಡೆದದ್ದು ತೊಡೆಗೆ. ಭೀಮನಿಗೆ ಅವನದೇ ಕಾರಣಗಳಿದ್ದವು, ದ್ರೌಪದಿಯ ಅಪಮಾನವಿತ್ತು, ಪ್ರತಿಜ್ಞೆಯಿತ್ತು. ಆದರೂ ರಿಯಾಯಿತಿ ರಿಯಾಯಿತಿಯೇ. 1926ರಲ್ಲಿ ಬಿ.ಎಂ. ಶ್ರೀಕಂಠಯ್ಯನವರು ಇದೇ ಕಾವ್ಯವನ್ನು ‘ಗದಾಯುದ್ಧ ನಾಟಕಂ’ ಎಂದು ನಾಟಕವಾಗಿಸಿ, ದುರ್ಯೋಧನನನ್ನು ಗ್ರೀಕರ ದುರಂತ ನಾಯಕರ ಸಾಲಿನಲ್ಲಿ ನಿಲ್ಲಿಸಿದರು.

ಪಟ್ಟದಕಲ್ಲಿನ ವಿರೂಪಾಕ್ಷ ಗುಡಿಗೆ ಬಂದವರು ಅಲ್ಲಿ ರಾವಣನನ್ನು ನೋಡದೆ ಹೋಗುವುದಿಲ್ಲ. ಜಟಾಯುವಿನೊಡನೆ ಹೋರಾಡುವ ರಾವಣ, ಕೈಲಾಸವನ್ನೆತ್ತುವ ರಾವಣ. ಶಿಲ್ಪಿಯ ಉಳಿ ಅವನಿಗೆ ಶ್ರಮದಲ್ಲಿ ಕಡಿಮೆ ಮಾಡಿಲ್ಲ. ಆ ಗುಡಿಯ ಕಥೆಯೂ ಎದುರಾಳಿಯದೇ. 642ರ ಸುಮಾರಿಗೆ ಕಂಚಿಯ ಪಲ್ಲವ ದೊರೆ ನರಸಿಂಹವರ್ಮ ಬದಾಮಿಯನ್ನು ಗೆದ್ದು ‘ವಾತಾಪಿಕೊಂಡ’ ಎಂದು ಬಿರುದು ಧರಿಸಿದ. ಸುಮಾರು ನೂರು ವರ್ಷಗಳ ಮೇಲೆ ಚಾಲುಕ್ಯ ಇಮ್ಮಡಿ ವಿಕ್ರಮಾದಿತ್ಯ ಕಂಚಿಯನ್ನು ಹೊಕ್ಕ. ಸುಡಲಿಲ್ಲ. ಅಲ್ಲಿನ ರಾಜಸಿಂಹೇಶ್ವರ ಗುಡಿಯ ಸಂಪತ್ತನ್ನು ನೋಡಿ, ಅದನ್ನು ದೇವರಿಗೇ ಬಿಟ್ಟುಕೊಟ್ಟ ಸಂಗತಿಯನ್ನು ಅದೇ ಗುಡಿಯ ಕಂಬದ ಮೇಲೆ ಕನ್ನಡದಲ್ಲಿ ಬರೆಸಿದ. ಆ ವಿಜಯದ ನೆನಪಿಗೆ ರಾಣಿ ಲೋಕಮಹಾದೇವಿ ಪಟ್ಟದಕಲ್ಲಿನಲ್ಲಿ ಕಟ್ಟಿಸಿದ ಗುಡಿಯೇ ಇಂದಿನ ವಿರೂಪಾಕ್ಷ. ಕಂಚಿಯ ಆ ಗುಡಿಗೂ ಇದಕ್ಕೂ ಇರುವ ಹೋಲಿಕೆಯನ್ನು ವಿದ್ವಾಂಸರು ಎತ್ತಿ ತೋರಿಸಿದ್ದಾರೆ. ಗೆದ್ದವನು ಸೋತವನ ಊರಲ್ಲಿ ಕಣ್ಣು ತೆರೆದು ತಿರುಗಾಡಿದ್ದರಿಂದ ಇದು ನಮಗೆ ಸಿಕ್ಕಿತು. ಎದುರಾಳಿಯ ಜಾಗದಲ್ಲಿ ನಿಂತು ನೋಡುವುದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ಕಲ್ಲಿನಲ್ಲಿ ಇನ್ನೇನು ಬೇಕು?

ಬೆಂಚಿನ ಮೇಲಿನ ಬಾಸ್

ಇಷ್ಟನ್ನೂ ಬರೆಯಲು ಕಾರಣವಾದದ್ದು ಆಟಕ್ಕಿಂತ ದೊಡ್ಡ ಸಂಗತಿ. ನಮ್ಮ ಸುತ್ತಲಿನ ಹಳ್ಳಿಗಳಿಂದ ಕನ್ನಡ ಮಾಧ್ಯಮದಲ್ಲಿ ಓದಿ, ಎಸ್ಸೆಸ್ಸೆಲ್ಸಿಯಲ್ಲಿ ಒಳ್ಳೆಯ ಅಂಕ ಪಡೆದು, ಪಿಯುಸಿ ವಿಜ್ಞಾನಕ್ಕೆಂದು ಪಟ್ಟಣಕ್ಕೆ ಹೋಗುವ ಮಕ್ಕಳಲ್ಲಿ ಕೆಲವರು ಎರಡೇ ತಿಂಗಳಿಗೆ ಮರಳಿ ಬರುತ್ತಾರೆ. ಕೆಲ ವರ್ಷಗಳ ಹಿಂದೆ ಹಾಗೆ ಬಂದ ಒಬ್ಬ ಹುಡುಗ ನನ್ನ ಮನೆಯ ಕಟ್ಟೆಯ ಮೇಲೆ ಕುಳಿತು, “ನನಗ ಬುದ್ಧಿ ಇಲ್ರಿ ಸರ್, ಕಾಲೇಜ್ ಬಿಡ್ತೀನ್ರಿ” ಎಂದ. ನಮ್ಮ ಶಾಲೆಗೆ ಮೊದಲಿಗನಾಗಿ ಪಾಸಾದವನು!

ಏನಾಯಿತೆಂದು ಕೇಳಿದೆ. ಮುಂದಿನ ಬೆಂಚಿನವರು ಉಪನ್ಯಾಸಕರು ಪ್ರಶ್ನೆ ಮುಗಿಸುವ ಮೊದಲೇ ಉತ್ತರ ಹೇಳುತ್ತಾರೆ, ತನಗೆ ಪ್ರಶ್ನೆಯೇ ಅರ್ಥವಾಗಿರುವುದಿಲ್ಲ ಎಂದ. ಅವರು ಬೇಸಿಗೆ ರಜೆಯಲ್ಲಿ ಏನು ಮಾಡಿದರು ಎಂದು ಕೇಳಿದೆ. ಅವನಿಗೆ ಗೊತ್ತಿರಲಿಲ್ಲ, ಕೇಳಿಕೊಂಡು ಬಾ ಎಂದೆ. ಮರುವಾರ ಬಂದು ಹೇಳಿದ: ಅವರೆಲ್ಲ ಏಪ್ರಿಲ್‌ನಿಂದಲೇ ಟ್ಯೂಷನ್ನಿಗೆ ಹೋಗಿದ್ದರು. ಕಾಲೇಜಿನಲ್ಲಿ ಕೇಳುತ್ತಿದ್ದ ಪಾಠ ಅವರಿಗೆ ಎರಡನೆಯ ಸಲದ್ದು.

ನಾನು ಅವನಿಗೆ ಒಂದೇ ಕೆಲಸ ಕೊಟ್ಟೆ. ಒಂದು ವಾರದ ಮಟ್ಟಿಗೆ ಅವರ ವೇಷ ಕಟ್ಟು. ಸೋಮವಾರ ಆಗುವ ಪಾಠ ಯಾವುದೆಂದು ತಿಳಿದುಕೊಂಡು ಭಾನುವಾರ ಇಲ್ಲಿ ಬಾ, ಕನ್ನಡದಲ್ಲಿ ಹೇಳುತ್ತೇನೆ, ಇಂಗ್ಲಿಷ್ ಶಬ್ದಗಳನ್ನು ಪಕ್ಕದಲ್ಲಿ ಬರೆದುಕೋ. ಸೋಮವಾರ ಸುಮ್ಮನೆ ಕುಳಿತು ಏನಾಗುತ್ತದೆ ನೋಡು. ಮುಂದಿನ ಭಾನುವಾರ ಅವನು ಬಂದಾಗ ಮುಖ ಬೇರೆಯಾಗಿತ್ತು. “ಪ್ರಶ್ನೆ ಮುಗಿಯೂದರಾಗ ಉತ್ತರ ಬಾಯಿಗೆ ಬಂತ್ರಿ ಸರ್. ಅವ್ರೇನ್ ದೊಡ್ಡ ಪೈಲವಾನ್ರಲ್ರಿ, ಮದಲ ನೋಡಿರ್ತಾರ ಅಷ್ಟರಿ.”

ಅವನು ಕಾಲೇಜು ಬಿಡಲಿಲ್ಲ. ಮುಂದೆ ಬಿ.ಎಸ್ಸಿ. ಮುಗಿಸಿದ. ಮುಂದಿನ ಬೆಂಚಿನವರ ಮೇಲೆ ಅವನಿಗೆ ಸಿಟ್ಟೂ ಉಳಿಯಲಿಲ್ಲ. ಅವರೂ ಕಷ್ಟಪಟ್ಟು ಓದುತ್ತಾರೆ, ಬೇಸಿಗೆಯೆಲ್ಲ ಆಟ ಬಿಟ್ಟು ಕೂತಿರುತ್ತಾರೆ ಎಂಬುದು ವೇಷ ಕಟ್ಟಿದ ಮೇಲೆ ಅವನಿಗೆ ತಿಳಿಯಿತು. ಎದುರಾಳಿಯ ಒಳಹೊಕ್ಕವನಿಗೆ ಸಿಗುವ ಎರಡನೆಯ ಲಾಭ ಇದು. ಮೊದಲು ಭಯ ಹೋಗುತ್ತದೆ, ಹಿಂದೆಯೇ ದ್ವೇಷವೂ ಹೋಗುತ್ತದೆ.

ಎಲ್ಲ ರಿಯಾಯಿತಿಗಳೂ ಭಾನುವಾರದ ಓದಿನಿಂದ ಕೈಗೆ ಸಿಗುವಂಥವಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಅದೇ ತರಗತಿಯಲ್ಲಿ ಅವನಷ್ಟೇ ಜಾಣೆಯಾದ ಹುಡುಗಿಯೊಬ್ಬಳಿದ್ದಳು. ಸಂಜೆಯ ಬಸ್ಸಿನ ಹೊತ್ತು ಸರಿಹೋಗದೆ, ಕತ್ತಲಾದ ಮೇಲೆ ಮಗಳು ಬರುವುದು ಬೇಡವೆಂದು ಮನೆಯವರು ನಿಲ್ಲಿಸಿದರು. ಅವಳ ಎದುರಿಗಿದ್ದ ಬಾಸ್‌ನನ್ನು ಯಾವ ಉಪಾಯದಿಂದಲೂ ಕೆಡವಲು ನಮ್ಮಿಂದಾಗಲಿಲ್ಲ. ಇಂಥ ಕಡೆ ಆಡುವವರಿಗೆ ‘ಇನ್ನೂ ಚೆನ್ನಾಗಿ ಆಡು’ ಎಂದು ಹೇಳುವುದು ತಪ್ಪಾಗುತ್ತದೆ. ತಿದ್ದಬೇಕಾದದ್ದು ಆಟದ ನಿಯಮ, ತಿದ್ದಬೇಕಾದವರು ದೊಡ್ಡವರು. ಆದರೆ ಯಾವುದು ಬಲ, ಯಾವುದು ರಿಯಾಯಿತಿ ಎಂದು ಬಿಡಿಸಿ ನೋಡದ ಹೊರತು, ತಿದ್ದಬೇಕಾದದ್ದು ನಿಯಮವನ್ನೋ ನಮ್ಮನ್ನೋ ಎಂದು ತಿಳಿಯುವುದೇ ಇಲ್ಲ. ಆ ಹುಡುಗಿ ತನಗೆ ಬುದ್ಧಿಯಿಲ್ಲವೆಂದು ತಿಳಿಯದಿರಲಿ ಎಂಬುದಷ್ಟೇ ನನ್ನ ಆಸೆ.

ಪಾಲಕರಿಗೆ ಒಂದು ಮಾತು. ಮಗ ರಾಕ್ಷಸನ ಪಾತ್ರ ಆರಿಸಿಕೊಂಡನೆಂದು ಬೈಯಬೇಡಿ. ಹೊತ್ತು ಮೀರಿ ಆಡುತ್ತಿದ್ದರೆ ಬೈಯಿರಿ, ಅದು ಬೇರೆ. ನಾಲ್ಕು ಮಂದಿ ಕೂಡಿ ಆಡುವಾಗ ಯಾರಿಗೂ ಹೇಳದೆ ಮೆಮೊರಿ ತಿದ್ದಿ ಗೆದ್ದರೆ ಅದು ಮೋಸ, ಅದಕ್ಕೂ ಬೈಯಿರಿ. ತಾನೊಬ್ಬನೇ ಕೂತು ಪಟ್ಟಿಯಲ್ಲಿಲ್ಲದವನನ್ನು ಎಬ್ಬಿಸಿ ಆಡಿದರೆ ಮಾತ್ರ ಪಕ್ಕದಲ್ಲಿ ಕುಳಿತು ಕೇಳಿ: ‘ಅಂವಾ ಕಂಪ್ಯೂಟರ್ ಕೈಯಾಗಿದ್ದಾಗ ಏನ್ ಮಾಡ್ತಿದ್ದ, ನಿನ್ನ ಕೈಯಾಗ ಏನ್ ಮಾಡವಲ್ಲ?’ ಉತ್ತರ ಹೇಳುವಾಗ ಅವನು ತಾನಾಗಿಯೇ ವಿಜ್ಞಾನದ ದಾರಿ ಹಿಡಿದಿರುತ್ತಾನೆ.

ಗೇಮ್ ಇಲ್ಲದ ಮನೆಯಾದರೆ ಆ ಅಳತೆಪಟ್ಟಿಯೇ ಸಾಕು. ಇನ್ನೊಬ್ಬರು ಬಿಟ್ಟಾಗ ಹಿಡಿದದ್ದಾಯಿತಲ್ಲ, ಈಗ ನೀವೇ ಎಡಗೈಯಿಂದ ಪಟ್ಟಿ ಬಿಟ್ಟು ನೀವೇ ಬಲಗೈಯಿಂದ ಹಿಡಿಯಿರಿ. ಪಟ್ಟಿ ಹೆಚ್ಚುಕಡಿಮೆ ಜಾರುವುದೇ ಇಲ್ಲ, ಮೊದಲಿನ ಒಂದೆರಡು ಸೆಂಟಿಮೀಟರಿನಲ್ಲೇ ಸಿಕ್ಕಿಬಿಡುತ್ತದೆ. ಕೈ ಅದೇ, ಕಣ್ಣು ಅದೇ, ನರ ಅದೇ. ಯಾವಾಗ ಬೀಳುತ್ತದೆಂದು ಮೊದಲೇ ಗೊತ್ತಿತ್ತು, ಅಷ್ಟೇ ವ್ಯತ್ಯಾಸ. ತನಗೆ ಬುದ್ಧಿಯಿಲ್ಲ ಎಂದು ಮೂಲೆಯಲ್ಲಿ ಕುಳಿತ ಮಗು ನಿಮ್ಮ ಮನೆಯಲ್ಲಿದ್ದರೆ, ಇದನ್ನು ಎರಡೂ ರೀತಿಯಲ್ಲಿ ಅದರ ಕೈಯಿಂದಲೇ ಮಾಡಿಸಿ ನೋಡಿ.